ಮನೆಮಾತು: ರಫೇಲಿನೊಳಗೆ ಏನಿದೆ?

ದೀಪಾವಳಿ ರಜೆಗೆಂದು ಅಣ್ಣನ ಮಗ ಪುಣೆಯಿಂದ ಅಕ್ಕಲಕೋಟಕ್ಕೆ ಬಂದಿದ್ದ. ಹನ್ನೊಂದನೆಯ ತರಗತಿಯ ಹುಡುಗ. ಹಗಲೆಲ್ಲ ಅಂಗಡಿಯಲ್ಲಿ ನನ್ನ ಪಕ್ಕ ಕುಳಿತು ತೂಕದ ಚೀಟಿ ಬರೆಯುತ್ತಿದ್ದ. ಹೊತ್ತು ಮುಳುಗುವ ಮೊದಲು ಊಟ ಮುಗಿಯಿತೆಂದರೆ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದ. ಒಂದು ದಿನ ಆಟವನ್ನೂ ಆಡದೆ, ನನ್ನ ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಯ ಮೇಲೆ ಏನೋ ಪಟ್ಟಿ ಬರೆಯುತ್ತಿದ್ದುದನ್ನು ಕಂಡು ಕೇಳಿದೆ.

"ಕಾಕಾ, ಇದು ಯುದ್ಧವಿಮಾನದ ಆಟರಿ. ನಮ್ಮ ದೇಶದ ರಫೇಲ್ ಈ ಆಟದಾಗ ಬಂದ್ರ ಅದಕ ಏನೇನು ಸಾಮಾನು ಕೊಡಬಹುದು ಅಂತ ಲೆಕ್ಕಾ ಹಾಕಾಕತ್ತೀನಿ" ಎಂದ.

ಆಟದ ಹೆಸರು ವಾರ್ ಥಂಡರ್. ಗೈಜಿನ್ ಎಂಬ ಕಂಪನಿಯದು. 2012ರಲ್ಲಿ ಎರಡನೆಯ ಮಹಾಯುದ್ಧದ ವಿಮಾನಗಳಿಂದ ಶುರುವಾಗಿ, ಇಂದಿನ ಜೆಟ್ ವಿಮಾನಗಳವರೆಗೆ ಬಂದು ನಿಂತಿದೆ. ಫ್ರಾನ್ಸಿನ ರಫೇಲ್, ಯುರೋಪಿನ ಯೂರೋಫೈಟರ್ ಎರಡೂ 2024ರ ಡಿಸೆಂಬರಿನಲ್ಲಿ ಅದಕ್ಕೆ ಸೇರಿದವು. ಒಂದು ವಿಮಾನ ಬರುವ ಮೊದಲೇ ಅದಕ್ಕೆ ಯಾವ ರಾಡಾರ್, ಯಾವ ಕ್ಷಿಪಣಿ ಕೊಡುತ್ತಾರೆ ಎಂದು ಆಟಗಾರರು ತಿಂಗಳುಗಟ್ಟಲೆ ವಾದಿಸುತ್ತಾರಂತೆ. ಬರಿಯ ಹುಚ್ಚು ಅಂದುಕೊಂಡಿದ್ದೆ. ಆದರೆ ಪಟ್ಟಿ ನೋಡಿದ ಮೇಲೆ, ಹುಡುಗ ಸುಮ್ಮನೆ ಕೂತಿಲ್ಲ ಅನ್ನಿಸಿತು.

ನಾನು ಅವನಿಗೆ ಒಂದೇ ಮಾತು ಹೇಳಿದೆ. "ಮಾಲು ಬಂದಾಗ ನಾವು ಹ್ಯಾಂಗ ಬರೀತೀವಿ? ತೂಗಿದ್ದು ಬ್ಯಾರೆ, ಬಿಲ್ಲಿನಾಗ ಬಂದದ್ದು ಬ್ಯಾರೆ, ಅಂದಾಜು ಬ್ಯಾರೆ. ನೀನೂ ಮೂರು ಕಾಲಂ ಹಾಕು." ಹುಡುಗ ಹಾಕಿದ.

ಮೊದಲ ಕಾಲಂ, ಕಣ್ಣಿಗೆ ಕಂಡದ್ದು. ಬೆಂಗಳೂರಿನ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನದಲ್ಲಿ ತೆಗೆದ ಫೋಟೋಗಳು ಸಾಕಷ್ಟಿವೆ. ಮೂಗಿನ ಬಲಕ್ಕೆ ಆಕಾಶದಲ್ಲೇ ಇಂಧನ ತುಂಬಿಕೊಳ್ಳುವ ಕೊಳವೆ ಚಾಚಿಕೊಂಡಿರುತ್ತದೆ. ಪೈಲಟನ ಗಾಜಿನ ಮುಂದೆ ಗುಂಡನೆಯ ಕಣ್ಣು ಕಾಣುತ್ತದೆ. ರಾಡಾರ್ ಹಚ್ಚದೆ ದೂರದ ವಿಮಾನವನ್ನು ನೋಡುವ ಸಾಧನ ಅದು. ರಾಡಾರ್ ಹಚ್ಚಿದರೆ ಎದುರಿನವನಿಗೆ ಸುಳಿವು ಸಿಗುತ್ತದೆ; ಈ ಕಣ್ಣು ಸುಮ್ಮನೆ ನೋಡುತ್ತದೆ, ಏನನ್ನೂ ಹೊರಗೆ ಬಿಡುವುದಿಲ್ಲ. ರೆಕ್ಕೆ ಹೊಟ್ಟೆಗಳ ಕೆಳಗೆ ಭಾರ ತೂಗುಹಾಕುವ ಜಾಗಗಳು ಹದಿನಾಲ್ಕು.

ಎರಡನೆಯ ಕಾಲಂ, ತಯಾರಿಸಿದವರೂ ಸರಕಾರವೂ ಬಹಿರಂಗವಾಗಿ ಹೇಳಿದ್ದು. 2016ರ ಸೆಪ್ಟೆಂಬರಿನಲ್ಲಿ 36 ರಫೇಲ್‌ಗಳಿಗೆ ಒಪ್ಪಂದವಾಯಿತು. ಮೊದಲ ಐದು 2020ರ ಜುಲೈ 29ರಂದು ಅಂಬಾಲಾದಲ್ಲಿ ಇಳಿದವು. ಅದರ ರಾಡಾರಿನ ತಟ್ಟೆ ಹಳೆಯ ಕಾಲದ್ದರಂತೆ ಅತ್ತಿತ್ತ ತಿರುಗುವುದಿಲ್ಲ. ನೂರಾರು ಸಣ್ಣ ಸಣ್ಣ ತುಣುಕುಗಳು ಸೇರಿ, ನಿಂತಲ್ಲಿಂದಲೇ ಕಿರಣವನ್ನು ಬೇಕಾದ ಕಡೆ ಹೊರಳಿಸುತ್ತವೆ. ಮೀಟಿಯೋರ್ ಎಂಬ ಕ್ಷಿಪಣಿಯ ವಿಶೇಷವನ್ನು ಹುಡುಗ ಚೆನ್ನಾಗಿ ವಿವರಿಸಿದ. ಸಾಮಾನ್ಯ ಕ್ಷಿಪಣಿಯ ಮದ್ದು ಕೆಲವೇ ಸೆಕೆಂಡುಗಳಲ್ಲಿ ಉರಿದು ಮುಗಿಯುತ್ತದೆ, ಆಮೇಲೆ ಅದು ಎಸೆದ ಕಲ್ಲಿನಂತೆ ವೇಗ ಕಳೆದುಕೊಳ್ಳುತ್ತ ಹೋಗುತ್ತದೆ. ಮೀಟಿಯೋರ್ ಹೊರಗಿನ ಗಾಳಿಯನ್ನೇ ಒಳಗೆಳೆದು ಉರಿಯುವುದರಿಂದ, ಉರಿಯನ್ನು ಹೆಚ್ಚುಕಡಿಮೆ ಮಾಡಿಕೊಂಡು ಕೊನೆಯವರೆಗೂ ಬಲ ಉಳಿಸಿಕೊಳ್ಳುತ್ತದೆ. ಪೈಲಟ್ ತಲೆ ಹೊರಳಿಸಿದ ಕಡೆಗೆ ಗುರಿ ತೋರಿಸುವ ಇಸ್ರೇಲಿನ ಹೆಲ್ಮೆಟ್ ಭಾರತ ಕೇಳಿ ಹಾಕಿಸಿಕೊಂಡ ಬದಲಾವಣೆಗಳಲ್ಲಿ ಒಂದು ಎಂದು ಪತ್ರಿಕೆಗಳಲ್ಲಿ ಬಂದಿದೆ.

ಮೂರನೆಯ ಕಾಲಂ ಅಂದಾಜಿನದು. ರಾಡಾರಿಗೆ ನಿಜವಾಗಿ ಎಷ್ಟು ದೂರ ಕಾಣುತ್ತದೆ? ವಿಮಾನವನ್ನು ಕಾಯುವ ಸ್ಪೆಕ್ಟ್ರಾ ಎಂಬ ವ್ಯವಸ್ಥೆ ಶತ್ರುವಿನ ರಾಡಾರನ್ನು ಹೇಗೆ ಗೊಂದಲಗೊಳಿಸುತ್ತದೆ? ಇದನ್ನು ಯಾರೂ ಹೇಳುವುದಿಲ್ಲ. ಆಟ ಮಾಡುವವರು ಇಲ್ಲಿ ಅಂದಾಜಿನಿಂದಲೇ ಅಂಕಿ ಇಡಬೇಕು. ಮೇಲಾಗಿ ಆಟದಲ್ಲಿ ಎರಡೂ ಪಕ್ಷಕ್ಕೆ ಸಮಬಲ ಇರಬೇಕು. ನಿಜವಾದ ವಿಮಾನದಲ್ಲಿದ್ದ ಸಾಮಾನನ್ನೂ ಒಮ್ಮೊಮ್ಮೆ ತಡೆಹಿಡಿಯಬೇಕಾಗುತ್ತದೆ. ಹಾಗಾಗಿ ಆಟದ ಅಂಕಿಯೇ ನಿಜದ ಅಂಕಿ ಎಂದು ಹುಡುಗರು ನಂಬಬಾರದು.

ಇಲ್ಲಿಯವರೆಗೆ ನನಗೆ ಸಂತೋಷವೇ ಆಯಿತು. ಮರುದಿನ ರಾತ್ರಿ ಫೋನ್ ಬಂತು. ಹುಡುಗನ ಸೋದರಮಾವ ಬೆಂಗಳೂರಿನಲ್ಲಿ ವಿಮಾನದ ಕೆಲಸದಲ್ಲಿದ್ದಾರೆ. "ಅಣ್ಣಾರ, ಹುಡುಗ ನನಗ ಮೆಸೇಜ್ ಕಳಿಸ್ಯಾನ. ಕೈಪಿಡಿಯ ಒಂದು ಪುಟದ ಫೋಟೋ ಬೇಕಂತ. ನಾ ಏನು ಬರದ್ರೂ ತಪ್ಪಾಗ್ತದ. ನೀವೇ ಕೂಡಿಸಿಕೊಂಡು ಹೇಳ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಮೂರನೆಯ ಕಾಲಂ ತುಂಬುವ ಆಸೆಗೆ ಹುಡುಗ ಬಿದ್ದಿದ್ದ. ಇವನೊಬ್ಬನೇ ಅಲ್ಲ. 2021ರ ಜುಲೈನಲ್ಲಿ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕು ಆಟದಲ್ಲಿ ತಪ್ಪಾಗಿದೆಯೆಂದು ಸಾಧಿಸಲು ಒಬ್ಬ ಆಟಗಾರ ಅದರ ಕೈಪಿಡಿಯ ಭಾಗವನ್ನೇ ಎಲ್ಲರ ಮುಂದಿಟ್ಟ. ಅದೇ ವರ್ಷ ಅಕ್ಟೋಬರಿನಲ್ಲಿ ಫ್ರಾನ್ಸಿನ ಲೆಕ್ಲೇರ್ ಟ್ಯಾಂಕಿನದು ಬಂತು. 2023ರಲ್ಲಿ ಎಫ್-16, ಎಫ್-15ಇ, ಯೂರೋಫೈಟರ್ ವಿಮಾನಗಳ ಹಂಚಬಾರದ ಕಾಗದಗಳೂ ಹೊರಬಿದ್ದವು. ಕಂಪನಿ ಅವನ್ನು ತೆಗೆದುಹಾಕಿತು. ಇಂಥ ಕಾಗದ ನೋಡಿ ನಾವು ಆಟ ತಿದ್ದುವುದಿಲ್ಲ ಎಂದಿತು. ಅಂದರೆ ತಮ್ಮನ್ನು ಅಪಾಯಕ್ಕೆ ಒಡ್ಡಿಕೊಂಡವರಿಗೆ ಆಟದಲ್ಲಿಯೂ ಏನೂ ದಕ್ಕಲಿಲ್ಲ.

ನಮ್ಮ ದೇಶದಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯಿದೆ ಇಂದಿಗೂ ಇದೆ. ಕೊಟ್ಟವನಷ್ಟೇ ಅಲ್ಲ, ಗುಟ್ಟಿನದೆಂದು ತಿಳಿದೂ ಪಡೆದವನೂ ಅಪರಾಧಿ. ಮೂರು ವರ್ಷದವರೆಗೆ ಜೈಲು ಆಗಬಹುದು. ಬೇಹುಗಾರಿಕೆ ಎಂದಾದರೆ ರಕ್ಷಣೆಯ ವಿಷಯದಲ್ಲಿ ಹದಿನಾಲ್ಕು ವರ್ಷದವರೆಗೂ ಇದೆ.

ಹುಡುಗನನ್ನು ಬೈಯಲಿಲ್ಲ. "ಬರೇ ಎರಡು ಅಂಕಿ ಕೇಳೀನ್ರಿ ಕಾಕಾ" ಎಂದು ತಲೆತಗ್ಗಿಸಿದ. "ನಮ್ಮ ಖರೀದಿ ದರ ಎಷ್ಟು, ಗೋದಾಮಿನಾಗ ಮಾಲೆಷ್ಟು ಅನ್ನೋದೂ ಎರಡ ಅಂಕಿ ನೋಡು. ಎದುರಂಗಡಿಯವಗ ಗೊತ್ತಾದ್ರ ನಮ್ಮ ವ್ಯಾಪಾರ ಏನಾಗ್ತದ?" ಎಂದೆ. ರಾಡಾರಿನ ದೂರವೂ ಹಾಗೆಯೇ. ಎದುರಾಳಿಗೆ ತಿಳಿದರೆ ಅವನು ಅದಕ್ಕೆ ಒಂದು ಗೇಣು ಆಚೆ ನಿಲ್ಲುತ್ತಾನೆ. ಅಲ್ಲಿ ಹಾರುವವನು ಯಾರದೋ ಮನೆಯ ಮಗ. ಆಟದಲ್ಲಿ ಸತ್ತವನಂತೆ ಅವನು ಮತ್ತೆ ಎದ್ದು ಬರುವುದಿಲ್ಲ.

ಹುಡುಗ ಮೆಸೇಜ್ ಅಳಿಸಿ, ಮಾಮಾನಿಗೆ ತಾನೇ ಫೋನ್ ಮಾಡಿ ತಪ್ಪಾಯಿತೆಂದ. ಪಟ್ಟಿಯನ್ನು ಹರಿಯಬೇಡ ಎಂದು ನಾನೇ ಹೇಳಿದೆ. ಮೂರನೆಯ ಕಾಲಮ್ಮಿನ ಮೇಲೆ ಅವನು "ಅಂದಾಜು" ಎಂದು ದಪ್ಪಕ್ಷರದಲ್ಲಿ ಬರೆದು, ಅರ್ಧ ಖಾಲಿ ಬಿಟ್ಟ.

ಓದುಗ ಬಂಧುಗಳೇ, ಮಕ್ಕಳು ಇಂಥ ಆಟ ಆಡುತ್ತಿದ್ದರೆ ಕಿತ್ತುಕೊಳ್ಳುವ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕೂಡಿರಿ. ಏನು ಹುಡುಕುತ್ತಿದ್ದಾರೆ, ಯಾರನ್ನು ಕೇಳುತ್ತಿದ್ದಾರೆ ಎಂದು ವಿಚಾರಿಸಿರಿ. ಸೈನ್ಯದಲ್ಲೋ ಕಾರಖಾನೆಯಲ್ಲೋ ನೌಕರಿ ಮಾಡುವ ನೆಂಟರಿದ್ದರೆ, ಅವರ ಕೆಲಸದ ಮಾತನ್ನು ಮನೆಯಲ್ಲಿ ಕೆದಕಬಾರದೆಂದು ಮೊದಲೇ ತಿಳಿಸಿರಿ.

ಮುಂದಿನ ತಿಂಗಳು, ಇಂಥ ಆಟಗಳಲ್ಲಿ ಮಕ್ಕಳ ಕೈಯಿಂದ ದುಡ್ಡು ಹೇಗೆ ಸೋರುತ್ತದೆ ಎಂಬುದನ್ನು ನೋಡೋಣ.