ಫ್ರೆಡೊಗೆ ರಾಜೀನಾಮೆ ಕೊಡುವ ದಾರಿ ಇತ್ತೇ?

ಮನೆಯ ಗುಟ್ಟನ್ನು ಶತ್ರುವಿಗೆ ಕೊಟ್ಟವನನ್ನು ಯಾರೂ ಕ್ಷಮಿಸುವುದಿಲ್ಲ. ನಮ್ಮ ಮನೆಯ ಉರ್ದುವಿನಲ್ಲಿ ‘ಘರ್ ಕಾ ಭೇದಿ ಲಂಕಾ ಢಾಯೆ’ ಎಂಬ ಗಾದೆ ಇದೆ. ಮನೆಯ ಗುಟ್ಟು ಬಲ್ಲವನೇ ಲಂಕೆಯನ್ನು ಕೆಡವುತ್ತಾನೆ ಎಂದು ಅರ್ಥ. ದಾದಿಮಾ (ಅಂದರೆ ಅಜ್ಜಿ, ಆಸ್ಪತ್ರೆಯ ದಾದಿ ಅಲ್ಲ) ಇದನ್ನು ಹೇಳುವಾಗ ರಾವಣ ತನ್ನ ತಮ್ಮನನ್ನು ತುಂಬಿದ ಸಭೆಯಲ್ಲಿ ಹೇಗೆ ಹೀಯಾಳಿಸಿದ ಎಂಬುದನ್ನು ಹೇಳುವುದಿಲ್ಲ. ಗಾದೆಯಲ್ಲಿ ಅಷ್ಟು ಜಾಗ ಇರುವುದಿಲ್ಲ. ಸಿನಿಮಾದಲ್ಲಿ ಇರುತ್ತದೆ.

ನಮ್ಮ ಹಾಸನ ಜಿಲ್ಲೆಯ ಯಶ್ ನಟಿಸಿದ ‘ಕೆಜಿಎಫ್’ (2018) ನೋಡದವರು ನಮ್ಮ ಕಾಲೇಜಿನಲ್ಲಿ ಇಲ್ಲವೆಂದೇ ಹೇಳಬಹುದು. ಅದರಲ್ಲಿ ಸೂರ್ಯವರ್ಧನ್ ಚಿನ್ನದ ಗಣಿಯನ್ನು ಮಗ ಗರುಡನಿಗೆ ಬಿಡುತ್ತಾನೆ. ತಮ್ಮ ಅಧೀರ ಕಾಯುತ್ತಲೇ ಇರಬೇಕು. 2022ರ ಎರಡನೇ ಭಾಗದಲ್ಲಿ ಸಂಜಯ್ ದತ್ ಆ ಪಾತ್ರವಾಗಿ ಬಂದಾಗ ನಾವೆಲ್ಲ ಶಿಳ್ಳೆ ಹೊಡೆದೆವು. ಆದರೆ ಆ ಸಿನಿಮಾಕ್ಕೆ ಅಧೀರನ ಕತ್ತಿ ಬೇಕು, ಅವನ ಹೊಟ್ಟೆಯ ಸಂಕಟ ಬೇಡ.

ಆ ಸಂಕಟವನ್ನು ನಾನು ನೋಡಿದ್ದು ಕೊಪ್ಪೊಲಾ ನಿರ್ದೇಶಿಸಿದ ‘ಗಾಡ್‌ಫಾದರ್’ ಎರಡನೇ ಭಾಗದಲ್ಲಿ (1974). ಕೊರ್ಲಿಯೋನೆ ಮನೆಯಲ್ಲಿ ಫ್ರೆಡೊ ಅಣ್ಣ, ಮೈಕೆಲ್ ತಮ್ಮ. ಆದರೆ ಯಜಮಾನಿಕೆ ತಮ್ಮನಿಗೆ ಸಿಕ್ಕಿತು. ಮೊದಲ ಭಾಗದಲ್ಲಿ ಅಪ್ಪನ ಮೇಲೆ ಗುಂಡು ಹಾರಿದಾಗ ಫ್ರೆಡೊ ಕೈ ನಡುಗಿ ಬಂದೂಕು ಬೀಳಿಸಿದ್ದ. ಆಮೇಲೆ ಅವನಿಗೆ ಚಿಲ್ಲರೆ ಕೆಲಸಗಳೇ. ಕೊನೆಗೆ ಅವನು ವೈರಿ ಹೈಮನ್ ರಾತ್‌ನ ಕಡೆಯವರಿಗೆ ನೆರವಾಗುತ್ತಾನೆ. ಮೈಕೆಲ್‌ನ ಮಲಗುವ ಕೋಣೆಗೆ ಗುಂಡಿನ ಮಳೆ ಸುರಿಯುತ್ತದೆ.

ದುಡ್ಡಿನಾಸೆಗೆ ಮಾಡಿದ ಎಂದು ನನ್ನ ಗೆಳೆಯರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ.

ಅಪ್ಪನ ಕಡೆಯ ಸಂಬಂಧಿಕರ ಒಂದು ಮನೆಯಲ್ಲಿ ಮೂವರು ಅಣ್ಣತಮ್ಮಂದಿರು ಶುಂಠಿ ವ್ಯಾಪಾರ ಮಾಡುತ್ತಿದ್ದರು. ನಡುವಿನವರಿಗೆ ಚೀಲ ಎಣಿಸುವುದು, ಲಾರಿ ಹೊರಡಿಸುವುದು, ಬಂದವರಿಗೆ ಟೀ ತರಿಸುವುದು. ಲೆಕ್ಕದ ಪುಸ್ತಕ ಮುಟ್ಟುವ ಹಾಗಿಲ್ಲ. ಒಂದು ಸೀಸನ್‌ನಲ್ಲಿ ಅವರು ನಾಳೆ ಮನೆಯವರು ಯಾವ ರೇಟಿಗೆ ಕೊಳ್ಳುತ್ತಾರೆ ಎಂಬುದನ್ನು ಎದುರಾಳಿ ವ್ಯಾಪಾರಿಗೆ ಹೇಳಿಬಿಟ್ಟರು. ಒಂದು ರೂಪಾಯಿಯನ್ನೂ ತೆಗೆದುಕೊಂಡಿರಲಿಲ್ಲ. ಆ ವ್ಯಾಪಾರಿ ಅವರಿಗೆ ಕುರ್ಚಿ ಹಾಕಿಸಿ, ‘ನಿಮಗೇನನ್ನಿಸುತ್ತೆ ಭಾಯ್?’ ಎಂದು ಕೇಳಿದ್ದ, ಅಷ್ಟೇ. ಶುಂಠಿ ಮನೆಯಲ್ಲಿ ಆರು ತಿಂಗಳು ಮಾತು ನಿಂತಿತು, ಆಮೇಲೆ ಪಾಲಾಯಿತು. ಈಗ ಅವರಿಗೆ ಬೇರೆ ಅಂಗಡಿ ಇದೆ, ಈದ್‌ಗೆ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ.

ಫ್ರೆಡೊಗೆ ಈ ದಾರಿ ಇರಲಿಲ್ಲ. ನಮ್ಮ ದ್ವಿತೀಯ ಪಿಯು ಲೆಕ್ಕಶಾಸ್ತ್ರದಲ್ಲಿ ‘ಪಾಲುದಾರನ ನಿವೃತ್ತಿ ಅಥವಾ ಮರಣ’ ಎಂಬ ಅಧ್ಯಾಯ ಇದೆ. ಹೊರಹೋಗುವವನಿಗೆ ಅವನ ಬಂಡವಾಳ, ಗುಡ್‌ವಿಲ್‌ನಲ್ಲಿ ಅವನ ಪಾಲು, ಎಲ್ಲವನ್ನೂ ಲೆಕ್ಕ ಹಾಕಿ ಕೊಡಬೇಕು. 1932ರ ಪಾಲುದಾರಿಕೆ ಕಾಯ್ದೆಯೇ ನಿವೃತ್ತಿಗೆ ಅವಕಾಶ ಕೊಟ್ಟಿದೆ. ಕೊಲೆ, ಜೂಜಿನ ಮೇಲೆ ನಡೆಯುವ ಮನೆತನದಲ್ಲಿ ಆ ಅಧ್ಯಾಯದ ಅರ್ಧ ಮಾತ್ರ ಜಾರಿಯಲ್ಲಿರುತ್ತದೆ. ಯಾವ ಅರ್ಧ ಎಂದು ಕಾಮರ್ಸ್‌ನವರಿಗೆ ಹೇಳಬೇಕಿಲ್ಲ. ಜೈಲು, ಗುಂಡು, ಭಯದಲ್ಲಿ ಫ್ರೆಡೊಗೆ ಸಮಪಾಲು ಇತ್ತು. ತೀರ್ಮಾನದಲ್ಲಿ ಪಾಲಿರಲಿಲ್ಲ, ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಅಂಥ ಮನೆಯಲ್ಲಿ ಮುನಿಸಿಕೊಂಡವನಿಗೆ ಉಳಿಯುವುದು ವೈರಿಯ ಬಾಗಿಲು ಒಂದೇ.

ಹಾಗೆಂದು ಅವನನ್ನು ಬಿಟ್ಟುಬಿಡಲು ನಾನು ಸಿದ್ಧನಿಲ್ಲ. ಕೊಲೆಯ ಪ್ರಯತ್ನ ಎಂದು ನನಗೆ ಗೊತ್ತಿರಲಿಲ್ಲ ಎನ್ನುತ್ತಾನೆ. ನಾನು ಅದನ್ನು ನಂಬುತ್ತೇನೆ. ಆದರೆ ಆ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ರಾತ್‌ನಂಥವರು ಸಹಾಯ ಕೇಳುವುದು ಏತಕ್ಕೆಂದು ಊಹಿಸಲು ಆಗದೇ? ಕೇಳಿದರೆ ಗೊತ್ತಾಗಿಬಿಡುತ್ತದೆ ಎಂದೇ ಅವನು ಕೇಳಲಿಲ್ಲ. ಮಲಗುವ ಕೋಣೆಯಲ್ಲಿ ಮೈಕೆಲ್ ಒಬ್ಬನೇ ಇರಲಿಲ್ಲ, ಹೆಂಡತಿಯೂ ಇದ್ದಳು.

ಮೈಕೆಲ್ ತಾಯಿ ಸಾಯುವವರೆಗೆ ಕಾಯುತ್ತಾನೆ. ಆಮೇಲೆ ಸರೋವರದಲ್ಲಿ ಮೀನು ಹಿಡಿಯಲು ಹೋದ ಅಣ್ಣನನ್ನು ದೋಣಿಯಲ್ಲೇ ಕೊಲ್ಲಿಸುತ್ತಾನೆ. ಇದಾದ ಮೇಲೆ ಸಿನಿಮಾ ಹಳೆಯ ಒಂದು ದಿನವನ್ನು ತೋರಿಸುತ್ತದೆ. ಮೈಕೆಲ್ ಸೈನ್ಯ ಸೇರಿದ್ದೇನೆ ಎಂದಾಗ ಊಟದ ಮೇಜಿನಲ್ಲಿ ಎಲ್ಲರೂ ಸಿಟ್ಟಾಗುತ್ತಾರೆ. ಕೈ ಕುಲುಕುವವನು ಫ್ರೆಡೊ ಒಬ್ಬನೇ.