ಹರಾಜಿಗೆ ಕನ್ನಡ, ವಾದಕ್ಕೆ ಇಂಗ್ಲಿಷ್!

ಕನ್ನಡದ ತರುಣರೇ, ಪತ್ರಿಕೆಯ ಒಳಪುಟಗಳನ್ನು ಒಮ್ಮೆ ತಿರುವಿ ನೋಡಿ. ಮೂಡಿಗೆರೆ ತಾಲ್ಲೂಕು, ಇಂಥ ಹೋಬಳಿ, ಇಂಥ ಗ್ರಾಮ, ಇಂಥ ಸರ್ವೆ ನಂಬರು, ಇಷ್ಟು ಎಕರೆ ಇಷ್ಟು ಗುಂಟೆ ಕಾಫಿ ತೋಟ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ರಸ್ತೆ. ಎಲ್ಲವೂ ಕನ್ನಡದಲ್ಲಿ! ಅದು ಬ್ಯಾಂಕಿನ ಇ-ಹರಾಜಿನ ಜಾಹೀರಾತು. ಬ್ಯಾಂಕುಗಳಿಗೆ ಇದ್ದಕ್ಕಿದ್ದಂತೆ ಕನ್ನಡಪ್ರೇಮ ಉಕ್ಕಿಬಿಟ್ಟಿತೇ? ಇಲ್ಲ ಸ್ವಾಮಿ. ಸರ್ಫೇಸಿ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮವೇ ಹಾಗಿದೆ. ಹರಾಜಿನ ನೋಟಿಸು ಎರಡು ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ತೋಟ ಹೋಗುತ್ತಿದೆ ಎಂಬ ಸುದ್ದಿ ಊರಿಗೆಲ್ಲ ಮುಟ್ಟಲು ಕನ್ನಡ ಬೇಕು. ತೋಟ ಉಳಿಸಿಕೊಳ್ಳಲು?

ಅಲ್ಲಿಂದಾಚೆ ಕನ್ನಡಕ್ಕೆ ಬಾಗಿಲಿಲ್ಲ. ಸಾಲ ಕಟ್ಟಿ ಎಂದು ಬ್ಯಾಂಕು 60 ದಿನಗಳ ನೋಟಿಸು ಕೊಡುತ್ತದೆ. ಕಟ್ಟದಿದ್ದರೆ ತೋಟ ವಶಕ್ಕೆ. ಇದನ್ನು ಪ್ರಶ್ನಿಸಿ ಮೂಡಿಗೆರೆ ಕೋರ್ಟಿಗೆ ಹೋಗುತ್ತೇನೆ ಎಂದರೆ ಆಗದು. ಸಿವಿಲ್ ಕೋರ್ಟುಗಳು ಇದರಲ್ಲಿ ಕೈ ಹಾಕಬಾರದೆಂದು ಕಾಯ್ದೆಯ 34ನೇ ಕಲಮು ಹೇಳುತ್ತದೆ. 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ಅರ್ಜಿ ಇಂಗ್ಲಿಷು, ವಾದ ಇಂಗ್ಲಿಷು, ಆದೇಶ ಇಂಗ್ಲಿಷು. ಸೋತರೆ ಮೇಲ್ಮನವಿಗೆ ಚೆನ್ನೈಗೆ ಹೋಗಬೇಕು. ಅದಕ್ಕೂ ಮೊದಲು ಸಾಲದ ಅರ್ಧ ಹಣ ಠೇವಣಿ ಇಡಬೇಕು, ಬಹಳ ಕನಿಕರ ತೋರಿದರೆ ಕಾಲು ಭಾಗ. ಆ ಮೇಲ್ಮನವಿ ಮಂಡಳಿಯ 1994ರ ನಿಯಮದ ಪ್ರಕಾರ ನಡಾವಳಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ. ಚೆನ್ನೈಯಲ್ಲಿ ಕೂತು ಕರ್ನಾಟಕದ ಸಾಲ ವಿಚಾರಿಸುವ ಮಂಡಳಿಗೆ ಹಿಂದಿ ಆದೀತು. ಕನ್ನಡವೂ ಬೇಡ, ತಮಿಳೂ ಬೇಡ! ಇದು ಯಾವ ಸೀಮೆಯ ನ್ಯಾಯ?

ಸಾಲ ಯಾಕೆ ಬೆಳೆಯಿತು ಎಂಬುದು ಮಲೆನಾಡಿನ ಮಕ್ಕಳಿಗೆ ಹೇಳಬೇಕಾಗಿಲ್ಲ. ಕಾಫಿ ಬೋರ್ಡಿನ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಮುಗಿಯಿತು. 2000ದ ನಂತರದ ವರ್ಷಗಳಲ್ಲಿ ಬೆಲೆ ನೆಲ ಕಚ್ಚಿತು. 2019ರ ಆಗಸ್ಟಿನ ಮಳೆಗೆ ಮೂಡಿಗೆರೆ ಸೀಮೆಯ ಗುಡ್ಡಗಳೇ ಕುಸಿದು ತೋಟಗಳ ಮೇಲೆ ಕೂತವು. ಈಚೆಗೆ ಬೆಲೆ ಏರಿದೆ, ನಿಜ. ಆದರೆ ಬಡ್ಡಿಗೆ ಮಳೆ ಬಿಸಿಲಿನ ಹಂಗಿಲ್ಲ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿನೊಳಗಿನ ಸಣ್ಣ ಹಿಡುವಳಿದಾರರು ಎಂಬುದನ್ನು ಮರೆಯಬೇಡಿ. ಎಸ್ಟೇಟು ಎಂದ ಕೂಡಲೇ ಬಂಗಲೆ, ಜೀಪು ಎಂದುಕೊಳ್ಳುವುದು ಸಿನಿಮಾ ನೋಡಿದವರ ಅಭ್ಯಾಸ.

ಈಗ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಬನ್ನಿ. ಬ್ಯಾಂಕಿನ ಸಾಲ, ದಿವಾಳಿ, ಷೇರು ವ್ಯವಹಾರಗಳಲ್ಲಿ ಪಳಗಿದ ವಕೀಲರು ಇರುವುದು ಅಲ್ಲಿ. ಅವರ ಪರಿಚಯಪತ್ರಗಳನ್ನು ಓದಿ. ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಐದು ವರ್ಷದ ಪದವಿ, ವಿದೇಶದಲ್ಲಿ ಎಲ್ಎಲ್ಎಂ, ಮುಂಬೈಯಲ್ಲಿ ಕೆಲವು ವರ್ಷ ದುಡಿಮೆ. ಕೆಲವರು ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಂಪನಿ ಸೆಕ್ರೆಟರಿಯೂ ಹೌದು. ಅವರ ವಿದ್ಯೆಯನ್ನು ಹೀಗಳೆಯುವುದಿಲ್ಲ. ಕಷ್ಟಪಟ್ಟು ಓದಿದವರು. ಆದರೆ ಕನ್ನಡ ಓದಲು ಬರುತ್ತದೆ ಎಂಬ ಅರ್ಹತೆ ಆ ಪಟ್ಟಿಗಳಲ್ಲಿ ಕಾಣುವುದೇ ಅಪರೂಪ.

ಹೇಗೆ ಕಂಡೀತು? ಆ ದಾರಿಯ ಮೊದಲ ಗೇಟೇ ಕ್ಲಾಟ್ ಪರೀಕ್ಷೆ. ಅದು ಇಂಗ್ಲಿಷಿನಲ್ಲಿ ಮಾತ್ರ. ವಕೀಲಿ ಮಾಡಲು ಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಬಹುದು. ಕಾನೂನು ಶಾಲೆಯ ಹೊಸ್ತಿಲು ದಾಟಲು ಮಾತ್ರ ಕನ್ನಡ ಸಲ್ಲದು! ನಾಗರಭಾವಿಯ ಕಾನೂನು ಶಾಲೆ ಹುಟ್ಟಿದ್ದೇ ಕರ್ನಾಟಕದ ವಿಧಾನಮಂಡಲ ಮಾಡಿದ 1986ರ ಕಾಯ್ದೆಯಿಂದ. ರಾಜ್ಯದ ವಿದ್ಯಾರ್ಥಿಗಳಿಗೆ ಶೇ. 25 ಸೀಟು ಎಂದು 2020ರಲ್ಲಿ ತಿದ್ದುಪಡಿ ತಂದಾಗ ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು. ಆಮೇಲೆ ಶಾಲೆ ತಾನಾಗಿಯೇ ಅಷ್ಟು ಪಾಲು ಕೊಡುತ್ತಿದೆ. ಸಂತೋಷ. ಆದರೆ ಅದಕ್ಕೆ ಕರ್ನಾಟಕದಲ್ಲಿ ಹತ್ತು ವರ್ಷ ಓದಿದ್ದರೆ ಸಾಕು. ಆ ಹತ್ತು ವರ್ಷದಲ್ಲಿ ಕನ್ನಡ ಕಲಿತಿರಬೇಕು ಎಂದೇನಿಲ್ಲ.

ಇಲ್ಲೊಂದು ತಮಾಷೆ ಇದೆ. ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ನಮ್ಮದು ಕೃಷಿ ಎಂದು ಬೆಳೆಗಾರ ಹೇಳುತ್ತಾನೆ, ವಾಣಿಜ್ಯ ಬೆಳೆ ಎಂದು ಬ್ಯಾಂಕು ಹೇಳುತ್ತದೆ. ಇಡೀ ಜಗಳ ನಿಂತಿರುವುದು ಈ ಒಂದು ಪದದ ಮೇಲೆ. ಅದಕ್ಕೆ ಸಾಕ್ಷಿ ಎಲ್ಲಿದೆ? ಪಹಣಿಯಲ್ಲಿದೆ, ಸಾಗುವಳಿ ಚೀಟಿಯಲ್ಲಿದೆ, ಮ್ಯುಟೇಶನ್ ವಹಿಯಲ್ಲಿದೆ. ಎಲ್ಲವೂ ಕನ್ನಡ! ಕಳಸದ ಪಹಣಿ ಓದಲು ಬಾರದ ವಕೀಲ ಭಾಷಾಂತರಕಾರನನ್ನು ಹುಡುಕುತ್ತಾನೆ. ಅದರ ಖರ್ಚು ಬೆಳೆಗಾರನ ತಲೆಗೆ. ಪಹಣಿ ಓದಬಲ್ಲ ಮೂಡಿಗೆರೆಯ ವಕೀಲನಿಗೆ ಬ್ಯಾಲೆನ್ಸ್ ಶೀಟು ಓದುವ ತರಬೇತಿಯನ್ನು ಯಾರೂ ಕೊಟ್ಟಿಲ್ಲ. 45 ದಿನ ಮುಗಿಯುವುದು ಈ ಇಬ್ಬರ ನಡುವೆಯೇ.

ದೊಡ್ಡವರ ಕಥೆಯೂ ಬೇರೆಯಲ್ಲ. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡ ಮೇಲೆ ಕಾಫಿ ಡೇ ಕಂಪನಿಯ ಲೆಕ್ಕ ಜಾಲಾಡಿದ್ದು ಒಬ್ಬ ನಿವೃತ್ತ ಸಿಬಿಐ ಅಧಿಕಾರಿ ಮತ್ತು ಅವರ ನೆರವಿಗೆ ನಿಂತ ಒಂದು ಕಾನೂನು ಸಂಸ್ಥೆ. ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ನಿಂದ ಕಾಫಿ ಡೇ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಬರಬೇಕಿದೆ ಎಂದು 2020ರ ಜುಲೈನಲ್ಲಿ ವರದಿ ಬಂತು. 2023ರ ಜನವರಿಯಲ್ಲಿ ಸೆಬಿ 26 ಕೋಟಿ ದಂಡ ಹಾಕಿತು. ಮುಂದೆ ದಿವಾಳಿ ಅರ್ಜಿಗಳು ಕಂಪನಿ ನ್ಯಾಯಮಂಡಳಿ ಹತ್ತಿದವು. ಅಲ್ಲಿಯೂ ಕನ್ನಡದ ಕಾಗದ ಕೊಟ್ಟರೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಈ ಗುಡ್ಡಗಳ ಅತಿ ದೊಡ್ಡ ಹಣಕಾಸಿನ ಕಥೆ, ಗುಡ್ಡದವರು ಓದಲಾಗದ ಭಾಷೆಯಲ್ಲಿ!

ಹೈಕೋರ್ಟಿಗೆ ಕನ್ನಡ ತರುವುದು ಸಂವಿಧಾನದ 348ನೇ ವಿಧಿಯ ಮಾತು. ರಾಷ್ಟ್ರಪತಿಯ ಒಪ್ಪಿಗೆ ಬೇಕು. ಕರ್ನಾಟಕದ ಬೇಡಿಕೆಯನ್ನು ಇತರ ರಾಜ್ಯಗಳ ಬೇಡಿಕೆಗಳೊಂದಿಗೆ ಸುಪ್ರೀಂ ಕೋರ್ಟಿನ ಪೂರ್ಣ ಸಭೆ 2012ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಆದರೆ ನ್ಯಾಯಮಂಡಳಿಗೆ ಈ ನೆಪ ನಡೆಯದು. ಅದರ ನಿಯಮ ಮಾಡಿದ್ದು ಕೇಂದ್ರ ಸರ್ಕಾರ, ತಿದ್ದಬೇಕಾದ್ದೂ ಕೇಂದ್ರ ಸರ್ಕಾರವೇ. ಇಂಗ್ಲಿಷ್ ಅಥವಾ ಹಿಂದಿ ಎಂದಿರುವಲ್ಲಿ ಆಯಾ ರಾಜ್ಯದ ಭಾಷೆ ಎಂದು ಸೇರಿಸಲು ಒಂದು ಅಧಿಸೂಚನೆ ಸಾಕು. 2019ರಿಂದ ಹಣಕಾಸು ಖಾತೆ ನಿರ್ಮಲಾ ಸೀತಾರಾಮನ್ ಅವರದು. ಅವರು 2016ರಿಂದ ರಾಜ್ಯಸಭೆಯಲ್ಲಿ ಕೂತಿರುವುದು ಕರ್ನಾಟಕದ ಶಾಸಕರು ಹಾಕಿದ ಮತಗಳಿಂದ!

ಬೆಂಗಳೂರಿನ ಪಿಜಿ ಕೋಣೆಗಳಲ್ಲಿ ಕೂತು ಇದನ್ನು ಓದುತ್ತಿರುವ ಕಳಸ, ಕೊಟ್ಟಿಗೆಹಾರ, ಬಾಳೆಹೊನ್ನೂರಿನ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಬಿಕಾಂ ಮುಗಿಸಿದವರಿದ್ದೀರಿ. ಮೂರು ವರ್ಷದ ಎಲ್ಎಲ್‌ಬಿಗೆ ಕ್ಲಾಟ್ ಬರೆಯಲೇಬೇಕೆಂದಿಲ್ಲ, ನಮ್ಮದೇ ರಾಜ್ಯದ ಕಾಲೇಜುಗಳಿವೆ. ಲೆಕ್ಕವೂ ಗೊತ್ತು, ಪಹಣಿಯೂ ಗೊತ್ತು ಎಂಬ ವಕೀಲರು ಆ ನ್ಯಾಯಮಂಡಳಿಯಲ್ಲಿ ಹತ್ತು ಮಂದಿ ನಿಂತರೂ ಬ್ಯಾಂಕಿನ ವಕೀಲರ ವರಸೆ ಬದಲಾಗುತ್ತದೆ. ಉಡುಪಿ-ಚಿಕ್ಕಮಗಳೂರು, ಹಾಸನ, ಮೈಸೂರು-ಕೊಡಗು ಕ್ಷೇತ್ರಗಳ ಸಂಸದರು ನಿಯಮ ತಿದ್ದಿ ಎಂದು ಹಣಕಾಸು ಸಚಿವಾಲಯಕ್ಕೆ ಪತ್ರ ಬರೆದು ನಮಗೊಂದು ಪ್ರತಿ ಕಳಿಸಲಿ, ಮುಖಪುಟದಲ್ಲಿ ಅಚ್ಚು ಹಾಕುತ್ತೇವೆ. ಪತ್ರ ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ, ಅನುವಾದ ನಾವೇ ಮಾಡಿಕೊಳ್ಳುತ್ತೇವೆ.