48ರ ಪಕ್ಕದಲ್ಲಿದ್ದ ಒಂದು ಅಕ್ಷರ

ನಮ್ಮ ಚಿಕ್ಕಪ್ಪ ಹಾಸನದಲ್ಲಿ ಸಿಸಿಟಿವಿ, ಇಂಟರ್‌ಕಾಮ್, ನೆಟ್‌ವರ್ಕ್ ಕೇಬಲಿಂಗ್ ಕೆಲಸ ಮಾಡಿಸ್ತಾರೆ. ಸಣ್ಣ ಅಂಗಡಿ, ಇಬ್ಬರು ಹುಡುಗರು, ಒಂದು ಹಳೇ ಓಮ್ನಿ ವ್ಯಾನು. ಮೂರು ವರ್ಷದ ಹಿಂದೆ ಅವರಿಗೆ ಒಂದು ಹೊಸ ಕಟ್ಟಡದ ಕೆಲಸ ಸಿಕ್ಕಿತು. ಮೂರು ಮಹಡಿ, 31 ಐಪಿ ಫೋನು, 9 ಕ್ಯಾಮೆರಾ. ಅಲ್ಲಿಯವರೆಗೆ ಅವರು ಹಾಕಿದ್ದೆಲ್ಲ ಎಂಟು, ಹದಿನಾರು ಪೋರ್ಟಿನ ಚಿಕ್ಕ ಸ್ವಿಚ್‌ಗಳು. ದೊಡ್ಡ ಆಫೀಸುಗಳಿಗೆ ಹಾಕೋ ಎಂಟರ್‌ಪ್ರೈಸ್ ಸ್ವಿಚ್ ಅದೇ ಮೊದಲು. ಡೀಲರ್ ಕೊಟ್ಟ ಕೊಟೇಶನ್ನನ್ನು ನನಗೆ ವಾಟ್ಸಾಪ್ ಮಾಡಿ, "ಮಗಾ, ನೀನು ಇಂಜಿನಿಯರ್ರು, ಒಂದ್ಸಲ ಕಣ್ಣಾಡಿಸ್ಬಿಡು" ಅಂದರು.

ನಾನು ಆಗ ಸ್ನೇಹಿತನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಿದ್ದೆ. ಎಡಗೈಯಲ್ಲಿ ಫೋನ್ ಹಿಡಿದು ನೋಡಿದೆ. ಕಂಪನಿ ಒಳ್ಳೆಯದು. ಸಿರೀಸ್ ಸರಿಯಾಗಿದೆ. ಬೇಕಾಗಿದ್ದು 40 ಪೋರ್ಟು, ಹೆಸರಿನಲ್ಲಿ 48 ಅಂತ ಇದೆ. "ಓಕೆ ಚಿಕ್ಕಪ್ಪ, ತಗೊಳ್ಳಿ" ಅಂತ ಬರೆದು ಹೋಳಿಗೆ ಕಡೆ ಕೈ ಹಾಕಿದೆ. 48ರ ಪಕ್ಕದಲ್ಲಿದ್ದ ಅಕ್ಷರವನ್ನು ನೋಡಲಿಲ್ಲ. ಅಲ್ಲಿ 'ಪಿ' ಇರಬೇಕಿತ್ತು, 'ಟಿ' ಇತ್ತು.

ಆ ಒಂದು ಅಕ್ಷರದ ಬೆಲೆ ಎಷ್ಟು ಅಂತ ಹೇಳೋ ಮೊದಲು ಸ್ವಿಚ್ ಅಂದರೆ ಏನು ಅಂತ ಒಂದು ಮಾತು. ಗೋಡೆಯ ಲೈಟ್ ಸ್ವಿಚ್ ಅಲ್ಲ ಇದು. ಆಫೀಸಿನ ಕಂಪ್ಯೂಟರು, ಫೋನು, ಕ್ಯಾಮೆರಾ, ವೈಫೈ ಡಬ್ಬಿ, ಎಲ್ಲದರ ಕೇಬಲ್ಲುಗಳೂ ಬಂದು ಸೇರೋ ಪೆಟ್ಟಿಗೆ. ಇದರಲ್ಲಿ ಎರಡು ಜಾತಿ. ಒಂದು, ಕೇಬಲ್ಲಿನಲ್ಲಿ ಬರೀ ಡೇಟಾ ಕಳಿಸೋದು. ಇನ್ನೊಂದು, ಅದೇ ಕೇಬಲ್ಲಿನಲ್ಲಿ ಕರೆಂಟನ್ನೂ ಕಳಿಸೋದು. ಇದಕ್ಕೆ ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿಒಇ ಅಂತಾರೆ. ಐಪಿ ಫೋನು, ಕ್ಯಾಮೆರಾಗಳಿಗೆ ಬೇರೆ ಪ್ಲಗ್ ಪಾಯಿಂಟ್ ಬೇಕಾಗದೇ ಇರೋದು ಇದರಿಂದಲೇ. ಹೊರಗಿನಿಂದ ನೋಡಿದರೆ ಎರಡೂ ಪೆಟ್ಟಿಗೆ ಹೆಚ್ಚುಕಮ್ಮಿ ಒಂದೇ ಥರ. ವ್ಯತ್ಯಾಸ ಗೊತ್ತಾಗೋದು ಹೆಸರಿನಲ್ಲಿ.

ನಮ್ಮೂರ ಗಾಡಿಯ ನಂಬರ್ ನೋಡಿ. ಕೆಎ-13 ಅಂದ ಕೂಡಲೇ ಕರ್ನಾಟಕ, ಹಾಸನ ಆರ್‌ಟಿಓ ಅಂತ ಗೊತ್ತಾಗುತ್ತೆ. ಸ್ವಿಚ್‌ನ ಮಾಡೆಲ್ ನಂಬರ್ ಕೂಡ ಹಾಗೇ, ಯಾವ ಜಾಗದಲ್ಲಿ ಯಾವ ಅಕ್ಷರ ಅನ್ನೋದಕ್ಕೆ ಅರ್ಥ ಇರುತ್ತೆ. ಆದರೆ ಗಾಡಿ ನಂಬರಿಗೆ ಇಡೀ ದೇಶಕ್ಕೆ ಒಂದೇ ನಿಯಮ. ಸ್ವಿಚ್‌ಗೆ ಒಂದೊಂದು ಕಂಪನಿಯದೂ ಒಂದೊಂದು ನಿಯಮ.

ಚಿಕ್ಕಪ್ಪ ತರಿಸಿದ್ದು ಯಾವ ಕಂಪನಿಯದು ಅನ್ನೋದು ಬೇಡ, ತಪ್ಪು ನನ್ನದು. ಉದಾಹರಣೆಗೆ ಸಿಸ್ಕೊದವರ ಒಂದು ಹೆಸರನ್ನು ಬಿಡಿಸೋಣ: ಸಿ9200ಎಲ್-48ಪಿ-4ಜಿ-ಇ. ಮೊದಲ 'ಸಿ' ಅಂದರೆ ಕ್ಯಾಟಲಿಸ್ಟ್, ಅವರ ಸ್ವಿಚ್‌ಗಳ ಮನೆತನದ ಹೆಸರು. 9200 ಸರಣಿ. ಅದರ ಪಕ್ಕದ 'ಎಲ್' ಅಂದರೆ ಅಪ್‌ಲಿಂಕ್ ಪೋರ್ಟುಗಳು ಪೆಟ್ಟಿಗೆಗೇ ಅಂಟಿಕೊಂಡಿರುವ, ಆಮೇಲೆ ಬದಲಾಯಿಸೋಕಾಗದ ಮಾದರಿ. ಅಪ್‌ಲಿಂಕ್ ಅಂದರೆ ಈ ಸ್ವಿಚ್ಚನ್ನು ಮೇಲಿನ ದೊಡ್ಡ ಸ್ವಿಚ್‌ಗೆ ಸೇರಿಸೋ ದಾರಿ. 48 ಅಂದರೆ ಪೋರ್ಟುಗಳು. 'ಪಿ' ಅಂದರೆ ಕರೆಂಟ್ ಕೊಡುತ್ತೆ. ಅದೇ ಜಾಗದಲ್ಲಿ 'ಟಿ' ಇದ್ದರೆ ಡೇಟಾ ಮಾತ್ರ. '4ಜಿ' ಅಂದರೆ ಒಂದೊಂದು ಗಿಗಾಬಿಟ್‌ನ ನಾಲ್ಕು ಅಪ್‌ಲಿಂಕ್. ಇದನ್ನು ನೋಡಿ ಚಿಕ್ಕಪ್ಪನ ಅಂಗಡಿ ಹುಡುಗ ಒಮ್ಮೆ "ಅಣ್ಣಾ, ಇದಕ್ಕೆ ಸಿಮ್ ಎಲ್ಲಿ ಹಾಕೋದು?" ಅಂತ ಕೇಳಿದ್ದ. ನಕ್ಕೆವು, ಆದರೆ ಅವನ ತಪ್ಪೇನಿಲ್ಲ. ಅದೇ ಜಾಗದಲ್ಲಿ '4ಎಕ್ಸ್' ಇದ್ದರೆ ಹತ್ತು ಗಿಗಾಬಿಟ್‌ನ ನಾಲ್ಕು. ರೋಮನ್ ಅಂಕಿಯಲ್ಲಿ ಎಕ್ಸ್ ಅಂದರೆ ಹತ್ತು ಅಂತ ನೆನಪಿಟ್ಟುಕೊಂಡರೆ ಸುಲಭ. ಕೊನೆಯ 'ಇ' ಸಾಫ್ಟ್‌ವೇರ್ ಲೈಸೆನ್ಸು, ನೆಟ್‌ವರ್ಕ್ ಎಸೆನ್ಷಿಯಲ್ಸ್. 'ಎ' ಇದ್ದರೆ ನೆಟ್‌ವರ್ಕ್ ಅಡ್ವಾಂಟೇಜ್. ಪೆಟ್ಟಿಗೆ ಅದೇ, ಒಳಗಿನ ಸೌಲಭ್ಯ ಬೇರೆ, ದುಡ್ಡೂ ಬೇರೆ.

ಇಷ್ಟು ಕಲಿತ ಮೇಲೆ ಎಲ್ಲ ಬಂತು ಅಂದುಕೊಳ್ಳೋ ಹಾಗಿಲ್ಲ. ಅದೇ ಸಿಸ್ಕೊದ ಸ್ವಲ್ಪ ಹಳೆಯ ಸರಣಿಯ ಒಂದು ಹೆಸರು: ಡಬ್ಲ್ಯೂಎಸ್-ಸಿ2960ಎಕ್ಸ್-48ಎಲ್‌ಪಿಎಸ್-ಎಲ್. ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಇಂಥವು ಕಣ್ಣಿಗೆ ಬೀಳುತ್ತವೆ. ಇಲ್ಲಿ 2960ರ ಪಕ್ಕದ 'ಎಕ್ಸ್'ಗೂ ಹತ್ತಕ್ಕೂ ಸಂಬಂಧ ಇಲ್ಲ, ಅದು ಸರಣಿಯ ಹೆಸರಿನದೇ ಭಾಗ. 'ಎಲ್‌ಪಿ'ಯ 'ಎಲ್' ಅಂದರೆ ಕಡಿಮೆ ಪವರ್. ಕೊನೆಯ 'ಎಲ್' ಅಂದರೆ ಲ್ಯಾನ್ ಬೇಸ್ ಅನ್ನೋ ಸಾಫ್ಟ್‌ವೇರು. ಮೇಲೆ ನೋಡಿದ 9200ಎಲ್‌ನಲ್ಲಿ ಅದೇ ಅಕ್ಷರಕ್ಕೆ ಅಪ್‌ಲಿಂಕ್ ಅರ್ಥ. ಒಂದೇ ಕಂಪನಿ, ಒಂದೇ 'ಎಲ್', ಮೂರು ಅರ್ಥ. ಅಕ್ಷರವನ್ನು ಬಾಯಿಪಾಠ ಮಾಡಿದರೆ ಸಾಲದು, ಅದು ಕೂತಿರೋ ಜಾಗ ನೋಡಬೇಕು.

'ಕಡಿಮೆ ಪವರ್' ಅಂದೆನಲ್ಲ, ಅಲ್ಲೊಂದು ಲೆಕ್ಕ ಇದೆ. 2003ರ ಪಿಒಇ ನಿಯಮದ ಪ್ರಕಾರ ಒಂದು ಪೋರ್ಟು ಹೆಚ್ಚೆಂದರೆ 15.4 ವಾಟ್ ಕೊಡುತ್ತೆ. 48ರಿಂದ ಗುಣಿಸಿದರೆ 739.2. ಈ ಸರಣಿಯ 48 ಪೋರ್ಟಿನ 'ಎಫ್‌ಪಿ' ಅಂದರೆ ಪೂರ್ತಿ ಪವರ್ ಮಾದರಿ ಕೊಡೋದು 740 ವಾಟ್. 'ಎಲ್‌ಪಿ' ಮಾದರಿ ಕೊಡೋದು 370, ಸರಿಯಾಗಿ ಅರ್ಧ. 48 ಪೋರ್ಟಿಗೂ ಕರೆಂಟ್ ಬರೋದು ನಿಜ, ಆದರೆ ಎಲ್ಲವೂ ಒಟ್ಟಿಗೆ 15.4 ವಾಟ್ ಎಳೆದರೆ 24ಕ್ಕೆ ಮಾತ್ರ ಸಾಕು. ಮನೆಯಲ್ಲಿ ಪ್ಲಗ್ ಪಾಯಿಂಟ್ ಹತ್ತಿದ್ದರೂ ಹತ್ತರಲ್ಲೂ ಒಟ್ಟಿಗೆ ಗೀಸರ್ ಹಾಕೋಕಾಗಲ್ಲವಲ್ಲ, ಹಾಗೆ. 2009ರಲ್ಲಿ ಬಂದ ಪಿಒಇ ಪ್ಲಸ್ ನಿಯಮದಲ್ಲಿ ಒಂದು ಪೋರ್ಟಿಗೆ 30 ವಾಟ್‌ವರೆಗೆ ಹೋಗುತ್ತೆ. ಹಾಗಾದರೆ 740 ವಾಟ್ ಇದ್ದರೂ ಪೂರಾ 30 ವಾಟ್ ಸಿಗೋದು 24 ಪೋರ್ಟಿಗೇ.

ಬೇರೆ ಕಂಪನಿಗಳ ಕಥೆ ಬೇರೆ. ಜುನಿಪರ್‌ನ ಇಎಕ್ಸ್2300-48ಟಿ, ಇಎಕ್ಸ್2300-48ಪಿಗಳಲ್ಲಿ ಪುಣ್ಯಕ್ಕೆ ಟಿ, ಪಿ ಅರ್ಥ ಹೆಚ್ಚುಕಮ್ಮಿ ಅದೇ. ಆದರೆ ಎಚ್‌ಪಿಇ ಅರೂಬಾದ ಆರ್ಡರ್ ನಂಬರ್ ನೋಡಿ: ಜೆಎಲ್254ಎ, ಜೆಎಲ್256ಎ. ಎರಡೂ 2930ಎಫ್ ಸರಣಿಯ 48 ಪೋರ್ಟಿನವು. ಮೊದಲನೆಯದರಲ್ಲಿ ಪಿಒಇ ಇಲ್ಲ, ಎರಡನೆಯದರಲ್ಲಿ ಇದೆ. ನಂಬರನ್ನು ಎಷ್ಟು ದಿಟ್ಟಿಸಿದರೂ ಅದು ಹೇಳಲ್ಲ. ಆಧಾರ್ ನಂಬರ್ ನೋಡಿ ಮನುಷ್ಯನ ಸ್ವಭಾವ ಹೇಳೋಕಾಗುತ್ತಾ? ಅಲ್ಲಿ ಪಕ್ಕದ ವಿವರಣೆಯನ್ನೇ ಓದಬೇಕು. ಡಿ-ಲಿಂಕ್‌ನ ಡಿಜಿಎಸ್-1210-28ಪಿಯಲ್ಲಿ ಇನ್ನೊಂದು ಪೇಚು. ಸಿಸ್ಕೊದ 48ರಲ್ಲಿ ಅಪ್‌ಲಿಂಕ್ ಸೇರಿಲ್ಲ. ಇಲ್ಲಿನ 28ರಲ್ಲಿ ಸೇರಿದೆ. ಕರೆಂಟ್ ಬರೋದು 24ಕ್ಕೆ. 28 ಕ್ಯಾಮೆರಾ ಹಾಕಬಹುದು ಅಂದುಕೊಂಡವರಿಗೆ ನಾಲ್ಕು ಕ್ಯಾಮೆರಾ ಕೈಯಲ್ಲೇ ಉಳಿಯುತ್ತೆ.

ಇದೆಲ್ಲ ಆಫೀಸಿನವರ ತಲೆನೋವು, ನಮಗ್ಯಾಕೆ ಅಂತೀರಾ? ಮನೆಗೆ ಚಿಕ್ಕ ಸ್ವಿಚ್ ತರುವಾಗಲೂ ಇದು ಬೇಕು. ಟಿಪಿ-ಲಿಂಕ್‌ನ ಟಿಎಲ್-ಎಸ್‌ಎಫ್1008ಡಿ, ಟಿಎಲ್-ಎಸ್‌ಜಿ1008ಡಿ ಎರಡೂ ಎಂಟು ಪೋರ್ಟಿನವು. 'ಎಫ್' ಅಂದರೆ ಫಾಸ್ಟ್ ಈಥರ್ನೆಟ್, 'ಜಿ' ಅಂದರೆ ಗಿಗಾಬಿಟ್. ಡಿ-ಲಿಂಕ್‌ನಲ್ಲಿ ಇದೇ ವ್ಯತ್ಯಾಸ ಡಿಇಎಸ್, ಡಿಜಿಎಸ್ ಅಂತ ಬರುತ್ತೆ. 'ಫಾಸ್ಟ್' ಅನ್ನೋ ಹೆಸರು ನೋಡಿ ಮೋಸ ಹೋಗಬೇಡಿ. ಆ ಹೆಸರಿಟ್ಟಿದ್ದು 1995ರ ಸುಮಾರಿಗೆ, ಆಗ 100 ಮೆಗಾಬಿಟ್ ನಿಜವಾಗಲೂ ಫಾಸ್ಟು. ಇವತ್ತು ಮನೆಗೆ 200 ಮೆಗಾಬಿಟ್ ಫೈಬರ್ ಹಾಕಿಸಿ, ನಡುವೆ 'ಎಫ್' ಸ್ವಿಚ್ ಇಟ್ಟರೆ ಅದರಿಂದ ಮುಂದಿನ ಕಂಪ್ಯೂಟರಿಗೆ ಸಿಗೋದು ಹೆಚ್ಚೆಂದರೆ 100. ತಿಂಗಳ ಬಿಲ್ ಮಾತ್ರ 200ರದ್ದೇ.

ಈಗ ಹಾಸನಕ್ಕೆ ವಾಪಸ್ ಬರೋಣ. ಸ್ವಿಚ್ ಬಂತು, ರ‍್ಯಾಕ್‌ನಲ್ಲಿ ಕೂತಿತು, ದೀಪಗಳು ಮಿನುಗಿದವು. 31 ಫೋನಿನಲ್ಲಿ ಒಂದೂ ಹೊತ್ತಿಕೊಳ್ಳಲಿಲ್ಲ. ಕ್ಯಾಮೆರಾಗಳೂ ಸತ್ತಂತೆ ಕೂತಿದ್ದವು. ಚಿಕ್ಕಪ್ಪ ಮೊದಲು ಅನುಮಾನ ಪಟ್ಟಿದ್ದು ಕೇಬಲ್ ತುದಿಗೆ ಕನೆಕ್ಟರ್ ಹಾಕಿದ ಹುಡುಗನ ಮೇಲೆ. ಅವನು ಎರಡು ದಿನ ಊಟ ನಿದ್ದೆ ಬಿಟ್ಟು 40 ಕೇಬಲ್ಲಿನ 80 ತುದಿಗಳನ್ನೂ ಕತ್ತರಿಸಿ ಮತ್ತೆ ಹಾಕಿದನಂತೆ. ಮೂರನೇ ದಿನ ಡೀಲರ್ ಕಡೆಯವರೊಬ್ಬರು ಬಂದು, "ಸಾರ್, ಇದು ಟಿ ಮಾಡೆಲ್ಲು, ಪಿಒಇ ಎಲ್ಲಿದೆ?" ಅಂದರು. ಬಾಕ್ಸ್ ಓಪನ್ ಆಗಿದ್ದರಿಂದ ವಾಪಸ್ ತಗೊಳ್ಳಲಿಲ್ಲ. ಕೊನೆಗೆ ಒಂದೊಂದು ಫೋನಿಗೂ ಕ್ಯಾಮೆರಾಗೂ ಒಂದೊಂದು ಪವರ್ ಇಂಜೆಕ್ಟರ್ ತಂದು, ರ‍್ಯಾಕ್ ಪಕ್ಕದಲ್ಲಿ ಎಕ್ಸ್‌ಟೆನ್ಷನ್ ಬೋರ್ಡುಗಳ ಸಾಲು ನಿಲ್ಲಿಸಿ ಕೆಲಸ ಮುಗಿಸಿದರು. ಐವತ್ತು ಸಾವಿರದ ಹತ್ತಿರ ಕೈಯಿಂದ ಹೋಯಿತು. ಆ ಕೆಲಸದ ಲಾಭವೇ ಅಷ್ಟಿರಲಿಲ್ಲ.

ಇದ್ಯಾವುದನ್ನೂ ಚಿಕ್ಕಪ್ಪ ನನಗೆ ಹೇಳಲಿಲ್ಲ. ಆರು ತಿಂಗಳಾದ ಮೇಲೆ ಹಬ್ಬಕ್ಕೆ ಹೋದಾಗ ಚಿಕ್ಕಮ್ಮ ಮಾತಿನ ಮಧ್ಯೆ ಬಾಯಿ ಬಿಟ್ಟರು. ನಾನು ಚಿಕ್ಕಪ್ಪನ ಹತ್ತಿರ ಹೋಗಿ, "ನನಗ್ಯಾಕೆ ಹೇಳ್ಲಿಲ್ಲ?" ಅಂದೆ. "ನೀನು ಓಕೆ ಅಂದಿದ್ದೆ ಅಂತ ಆ ಹುಡುಗಂಗೆ ನಾನು ಹೇಳ್ಬೇಕಿತ್ತು ಮಗಾ. ಎರಡು ದಿನ ಅವನನ್ನ ಬೈದ್ಬಿಟ್ಟೆ" ಅಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ. ಅವತ್ತು ಸಂಜೆ ಅಂಗಡಿಗೆ ಹೋಗಿ ಆ ಹುಡುಗನ ಹತ್ತಿರ ತಪ್ಪು ನನ್ನದು ಅಂತ ಹೇಳಿದೆ. "ಬಿಡಿ ಅಣ್ಣ, ಈಗ ನಂಗೆ ಕನೆಕ್ಟರ್ ಹಾಕೋದು ಚೆನ್ನಾಗಿ ಬರುತ್ತೆ" ಅಂದ.

ಆಮೇಲೆ ಮೂರು ಜನ ಅಂಗಡಿಯ ಮೇಜಿನ ಮೇಲೆ ಹಳೇ ಕೊಟೇಶನ್‌ಗಳನ್ನು ಹರಡಿಕೊಂಡು ಕೂತು ಒಂದು ಪದ್ಧತಿ ಮಾಡಿಕೊಂಡೆವು. ಮಾಡೆಲ್ ನಂಬರ್ ನೋಡೋ ಮೊದಲೇ ನಮಗೆ ಬೇಕಾದ್ದನ್ನು ಕನ್ನಡದಲ್ಲಿ ಬರೆದುಕೊಳ್ಳೋದು: ಎಷ್ಟು ಪೋರ್ಟು, ಅದರಲ್ಲಿ ಎಷ್ಟಕ್ಕೆ ಕರೆಂಟು, ಒಟ್ಟು ಎಷ್ಟು ವಾಟು, ಅಪ್‌ಲಿಂಕ್ ಯಾವುದು, ಲೈಸೆನ್ಸ್ ಯಾವುದು. ಆಮೇಲೆ ಹೆಸರಿನ ಒಂದೊಂದು ತುಂಡಿನ ಕೆಳಗೂ ಅದರ ಅರ್ಥ ಬರೆಯೋದು. ಅರ್ಥ ಗೊತ್ತಿಲ್ಲದ ಒಂದು ಅಕ್ಷರ ಉಳಿದರೂ ಆರ್ಡರ್ ಇಲ್ಲ. ಕೊನೆಗೆ ಕಂಪನಿಯ ಡೇಟಾಶೀಟ್ ತೆಗೆದು ಅದೇ ಮಾಡೆಲ್‌ನ ಸಾಲಿನ ಮೇಲೆ ಬೆರಳಿಟ್ಟು ತಾಳೆ ನೋಡೋದು. ಕೊನೆಯ ಬಾಲವನ್ನೂ ಬಿಡೋ ಹಾಗಿಲ್ಲ. ಸಿಸ್ಕೊದಲ್ಲಿ ಹೆಸರಿನ ಕೊನೆಗೆ '=' ಗುರುತಿದ್ದರೆ ಅದು ಬಿಡಿಯಾಗಿ ತರಿಸೋ ಸ್ಪೇರ್, 'ಆರ್‌ಎಫ್' ಇದ್ದರೆ ಕಂಪನಿಯೇ ರಿಪೇರಿ ಮಾಡಿ ಮತ್ತೆ ಮಾರೋ ಮಾಲು.

ಹೋದ ತಿಂಗಳು ಒಂದು ಕೊಟೇಶನ್ ಮತ್ತೆ ಬಂತು. ನಾನು ಆಫೀಸ್ ಮೀಟಿಂಗ್‌ನಲ್ಲಿದ್ದೆ, "ಸಂಜೆ ಕೂತು ನೋಡ್ತೀನಿ ಚಿಕ್ಕಪ್ಪ" ಅಂತ ಬರೆದೆ. ಸಂಜೆ ತೆಗೆದು ನೋಡಿದರೆ ಇನ್ನೊಂದು ಮೆಸೇಜ್ ಬಂದಿತ್ತು. ಆ ಹುಡುಗ ಕೊಟೇಶನ್ನಿನ ಪ್ರಿಂಟ್ ಮೇಲೆ ಪೆನ್ನಿನಲ್ಲಿ ಪ್ರತಿ ಅಕ್ಷರದ ಕೆಳಗೂ ಅರ್ಥ ಬರೆದು ಫೋಟೋ ಕಳಿಸಿದ್ದ. 48ಪಿ ಸರಿಯಾಗಿತ್ತು. ಪಕ್ಕದಲ್ಲಿ ಒಂದು ಪ್ರಶ್ನೆ: "ಅಣ್ಣ, ಈ ಸಲ 24 ಕ್ಯಾಮೆರಾ, 16 ವೈಫೈ. ಒಟ್ಟು ವಾಟ್ ಸಾಕಾಗುತ್ತಾ?"

ಡೇಟಾಶೀಟ್ ತೆಗೆದು ಲೆಕ್ಕ ಹಾಕೋಕೆ ಕೂತೆ.